ಓಡುವವನು ಮತ್ತು ಹೊರುವವನು

ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದು ಗಿರಾಕಿಗಾಗಿ ಕಾದು ಕಾದು ಬೇಸತ್ತಿತ್ತು. ಅದರ ಪಕ್ಕದಲ್ಲೇ ಕೂತಿದ್ದ, ಒಂದೇ ಸಲಕ್ಕೆ ಹಲವು ಭಾರಿ ಕೆಲಸ ಹೊರಬಲ್ಲ ವರ್ಕ್‌ಸ್ಟೇಷನ್ ಪ್ರೊಸೆಸರ್ ಗಾತ್ರದಲ್ಲೂ ಬೆಲೆಯಲ್ಲೂ ದೊಡ್ಡದು.

ಒಂದು ದಿನ ಕಾರ್ಟೂನ್ ಚಿತ್ರ ತಯಾರಿಸುವ ನೀಲಾಂಬಿಕೆ ಬಂದು, "ನಿಮ್ಮಿಬ್ಬರಲ್ಲಿ ಚುರುಕು ಯಾರು?" ಎಂದು ಕೇಳಿದಳು.

"ನಾನೇ," ಎಂದಿತು ಡೆಸ್ಕ್‌ಟಾಪ್.

"ನಿಜ ತಾಯಿ, ಓಟದಲ್ಲಿ ಅವನೇ ಮುಂದು," ಎಂದು ದೊಡ್ಡದೂ ಒಪ್ಪಿತು.

"ಹಾಗಾದರೆ ನೀನೇ ಬಾ," ಎಂದಳು ನೀಲಾಂಬಿಕೆ ಡೆಸ್ಕ್‌ಟಾಪಿಗೆ. "ಸಾವಿರಾರು ಚಿತ್ರಗಳನ್ನು ಹಗಲಿರುಳೂ ಒಟ್ಟೊಟ್ಟಿಗೆ ಸಿದ್ಧಮಾಡುವ ಕೆಲಸವಿದೆ."

ಡೆಸ್ಕ್‌ಟಾಪಿಗೆ ಹಿಗ್ಗೂ ಆಯಿತು, ಅಳುಕೂ ಆಯಿತು. ಸುಮ್ಮನಿದ್ದರೆ ಕಪಾಟಿನಿಂದ ಬಿಡುಗಡೆ. ಆದರೆ ನಡುದಾರಿಯಲ್ಲಿ ತಾನು ಕೈಚೆಲ್ಲಿದರೆ ಈಕೆಯ ಚಿತ್ರದ ಗತಿಯೇನು?

"ತಾಯಿ, ನಾನು ಓಡುವವನು, ಹೊರುವವನಲ್ಲ. ಅಷ್ಟು ಹೊರೆಗೆ ಇವನೇ ತಕ್ಕವನು," ಎಂದಿತು.

ನೀಲಾಂಬಿಕೆ ನಕ್ಕಳು. "ನಾನು ಚಿತ್ರ ಬಿಡಿಸುವಾಗ ನನ್ನ ಕೈಯ ಜೊತೆ ಓಡುವವನೂ ಬೇಕಲ್ಲ. ತನಗೆ ಆಗದ್ದನ್ನು ಆಗದು ಎನ್ನುವವನನ್ನು ಬಿಟ್ಟು ಹೋಗಲೇ?"

ಎರಡೂ ಒಂದೇ ಚೀಲದಲ್ಲಿ ಹೊರಟವು.

"ನೀನು ಬೇಗ ಬೇಗ ಬಿಡಿಸಿ ಕೊಡು," ಎಂದಿತು ದೊಡ್ಡದು, "ಎಷ್ಟು ಕೊಟ್ಟರೂ ಹೊರುತ್ತೇನೆ."