ಆಲಕ್ಕೆ ಬಿಳಲು ಬಂದ ಕಥೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬಗ್ಗಲಾರದೆಂದೇ ನಾವೂ ನಂಬಿದ್ದೆವು. ಆದರೆ ಆಲದ ಮರವನ್ನು ಕಂಡಾಗಲೆಲ್ಲ ನನಗೆ ಆ ಮಾತಿನ ಮೇಲೆ ಅನುಮಾನ ಹುಟ್ಟುತ್ತದೆ.

ಲೋಕಕ್ಕೆ ಇನ್ನೂ ಎಳೆಯ ಪ್ರಾಯ. ಆಗ ಆಲಕ್ಕೆ ಬಿಳಲುಗಳಿರಲಿಲ್ಲ. ಅದರ ಬೇರೆಲ್ಲ ನೆಲದೊಳಗಿತ್ತು. ಮಣ್ಣಿನ ಸಣ್ಣ ಸಂದುಗಳಲ್ಲಿ ಉಸಿರಾಡುತ್ತಿತ್ತು.

ಅಂಥದೊಂದು ಆಲದ ಕೆಳಗೆ ಹಂಪಯ್ಯ, ಗೌರವ್ವ ಎಂಬ ಮುದಿ ದಂಪತಿ ಮನೆ ಕಟ್ಟಲು ಹೊರಟರು. ಆ ನೆರಳಿಗಾಗಿಯೇ ಗೌರವ್ವ ಜಾಗ ಆರಿಸಿದ್ದಳು. ಹಂಪಯ್ಯನಾದರೋ ಒಮ್ಮೆ ಎಳೆದ ಗೆರೆಯನ್ನು ಅಳಿಸಿದವನಲ್ಲ. ಆದರೂ ಮರದ ಮೇಲೆ ಅವನಿಗೆ ಅಕ್ಕರೆ. ಪಾಯ ತೋಡಿದ ಮಣ್ಣನ್ನೆಲ್ಲ ಅದರ ಬುಡಕ್ಕೆ ಸುರಿಸಿ, ಸುತ್ತ ಕಲ್ಲು ಕಟ್ಟಿಸಿ, ಎದೆಯೆತ್ತರದ ಕಟ್ಟೆ ಮಾಡಿ, ಅರಿಸಿನ ಕುಂಕುಮ ಹಚ್ಚಿದ. ಹಿರಿಯರನ್ನು ಮಣೆ ಹಾಕಿ ಕೂರಿಸಿದಂತಾಯಿತು ಎಂದು ಹಿಗ್ಗಿದ.

ಚಿಗುರುವ ಕಾಲದಲ್ಲಿ ಮರದ ಎಲೆ ಹಳದಿಯಾಯಿತು. ಹಂಪಯ್ಯ ನೀರು ಹೊಯ್ದ, ಎಲೆ ಉದುರಿತು. ಇನ್ನಷ್ಟು ಹೊಯ್ದ, ಇನ್ನಷ್ಟು ಉದುರಿತು.

"ಯಾಕಜ್ಜಾ, ಸೊರಗಿದ್ದೀಯ?" ಎಂದು ಗಾಳಿ ಕೇಳಿತು.

"ಮಣ್ಣು ಹೊದಿಸಿದ್ದಾರೆ ಮಗಾ, ಅಕ್ಕರೆಯಿಂದಲೇ. ಬೇರಿಗೆ ಉಸಿರು ಸಿಗುತ್ತಿಲ್ಲ."

"ಅಷ್ಟು ಮಣ್ಣು ದಾಟಿ ನಾನು ಬರಲಾರೆ. ನೀನೇ ಬೇರನ್ನು ನನ್ನ ಬಳಿಗೆ ಕಳಿಸು."

"ಈ ವಯಸ್ಸಿನಲ್ಲೇ?"

"ಪ್ರಾಯದಲ್ಲಿ ನಿನಗೆ ಈ ಕಷ್ಟ ಎಲ್ಲಿತ್ತು?" ಎಂದು ಗಾಳಿ ನಕ್ಕಿತು.

ಮರ ಯೋಚಿಸಿತು. ಅದರ ಕೊಂಬೆಯಿಂದ ಒಂದು ಬೇರು ನೂಲಿನಂತೆ ಇಳಿಯಿತು, ಆಮೇಲೆ ಮತ್ತೊಂದು. ಆದರೆ ನೆಲ ದೂರ. ಅದನ್ನು ಮುಟ್ಟುವವರೆಗೆ ಮರ ಉಳಿದೀತೇ?

ಉದುರಿದ ಎಲೆ ಗುಡಿಸಲು ಬಂದ ಗೌರವ್ವ ತೂಗುವ ಬೇರುಗಳನ್ನು ನೋಡಿದಳು. ಉಸಿರುಗಟ್ಟಿದವರು ಗಾಳಿಗಾಗಿ ಕೈಚಾಚುವುದನ್ನು ಅವಳು ಬಲ್ಲಳು. ಗಂಡನನ್ನು ಕರೆದು ಆ ಬೇರುಗಳನ್ನೂ ಬುಡ ಮುಚ್ಚಿದ ಮಣ್ಣನ್ನೂ ತೋರಿಸಿದಳು.

"ಇಷ್ಟು ಮುದಿ ಮರವೇ ಬಗ್ಗಿತು ನೋಡಿ. ಅದರ ಮುಂದೆ ನಿಮ್ಮದಿನ್ನೂ ಎಳೆ ಪ್ರಾಯ."

ಹಂಪಯ್ಯ ಕಟ್ಟೆಯ ಒಂದು ಕಲ್ಲನ್ನು ತಾನೇ ಕಿತ್ತಿಟ್ಟ. ಬಳಿಕ ಪಾಯದ ಬಳಿ ಹೋಗಿ ಮನೆಗೆಂದು ತಾನು ಎಳೆದಿದ್ದ ಗೆರೆಯನ್ನು ಕಾಲಿನಿಂದ ಅಳಿಸಿದ. ಕೆಲಸದವರು ಮುಖ ಮುಖ ನೋಡಿಕೊಂಡರು. ಅವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಕಟ್ಟೆ ಬಿಚ್ಚಿ. ಗುದ್ದಲಿ ಬೇಡ, ಮಣ್ಣನ್ನು ಕೈಯಿಂದ ತೆಗೆಯಿರಿ. ನೆರಳು ಬೀಳುವಷ್ಟು ನೆಲ ಮರದ್ದು. ಮನೆ ಅದರಾಚೆ ಏಳಲಿ."

ಮರ ಉಳಿಯಿತು. ಆದರೆ ಕಲಿತದ್ದನ್ನು ಅದು ಮರೆಯಲಿಲ್ಲ. ಅದಕ್ಕೇ ಮಕ್ಕಳೇ, ನೀವು ಜೋತಾಡುವ ಬಿಳಲುಗಳನ್ನು ಆಲ ಇಂದಿಗೂ ಗಾಳಿಗೆ ಇಳಿಬಿಡುತ್ತದೆ.