ಮುಕುಂದ ವಿಮಾನದ ಎಳೆತ ಅಳೆದದ್ದು

ಪಾಂಡುರಂಗ ಬುದ್ಧಿ ಹಂಚುವಾಗ ತುಂಗಕ್ಕನ ಮಗ ಮುಕುಂದನೂ ಸಾಲಿನಲ್ಲಿ ನಿಂತಿದ್ದನಂತೆ. ಹಿಂದಿದ್ದವರಿಗೆಲ್ಲ "ನೀವು ಮೊದಲು ಹೋಗ್ರಪ್ಪಾ" ಎಂದು ದಾರಿ ಬಿಟ್ಟನಂತೆ. ಒಳ್ಳೆಯ ಜೀವ, ತಾಯಂದಿರೇ! ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಊರಿನ ಅಂಗಡಿಗಳೆಲ್ಲ ಅವನನ್ನು ಕೆಲಸದಿಂದ ಹೊರಗೆ ಹಾಕಿ, ಕೊನೆಗೆ ಉಳಿದದ್ದು ಪುಟ್ಟ ಪುಟ್ಟ ವಿಮಾನ ಮಾಡುವ ಮೌನೇಶಪ್ಪನ ಶೆಡ್ಡೊಂದೇ. ಇದೂ ತಪ್ಪಿದರೆ? ತುಂಗಕ್ಕನಿಗೆ ತುತ್ತು ಗಂಟಲಲ್ಲಿ ಇಳಿಯದು. ದಿನವೂ ಮಗನ ಬೆನ್ನಿಗೇ ಬಂದು, ಶೆಡ್ಡಿನ ಬಾಗಿಲಲ್ಲಿ ಕುಳಿತು "ವಿಠಲಾ, ಇವತ್ತೊಂದು ದಿನ ಕಾಯಪ್ಪಾ" ಎನ್ನುವಳು.

ಶಾಲೆಯ ಮಕ್ಕಳಿಗೆಂದು ಒಂದು ವಿಮಾನ ಸಿದ್ಧವಾಯಿತು. ಮುಂದಿನ ಪಂಖ ಅದನ್ನು ಎಷ್ಟು ಜೋರಾಗಿ ಎಳೆಯುತ್ತದೆಂದು ಅಳೆಯಬೇಕು. ಮೌನೇಶಪ್ಪ ಸ್ಪ್ರಿಂಗ್ ತಕ್ಕಡಿ ಕೊಟ್ಟ.

"ಇದನ್ನು ವಿಮಾನದ ಬಾಲಕ್ಕೆ ಕಟ್ಟು. ಪಂಖ ತಿರುಗಿಸು. ಮುಳ್ಳು ನೋಡು."

ಕಟ್ಟಿದ. ತಿರುಗಿಸಿದ. ನೋಡಿದ. ವಿಮಾನ ತಕ್ಕಡಿಯನ್ನೂ ಎಳೆದುಕೊಂಡು ಬೀದಿಗೆ ಓಡಿತು! ಮುಕುಂದ ಮುಳ್ಳು ನೋಡುತ್ತಲೇ ಹಿಂದೆ ಓಡಿದ!

"ಪೆದ್ದಾ! ಕಂಬಕ್ಕೆ ಬಿಗಿಯಬಾರದೇನೋ? ಕದಲಬಾರದು!"

"ಆಗಲಿ ಗುರುಗಳೇ!"

ವಿಮಾನವನ್ನೇ ಕಂಬಕ್ಕೆ ತಬ್ಬಿಸಿ ಬಿಗಿದ. ಪಂಖ ಗುಯ್‌ಗುಟ್ಟಿತು, ಮುಳ್ಳು ಮಿಸುಕಲಿಲ್ಲ.

"ಗುರುಗಳೇ, ಎಳೆತ ಸೊನ್ನೆ!"

ತುಂಗಕ್ಕ ಸೆರಗು ಬಾಯಿಗೊತ್ತಿದಳು.

"ಅಯ್ಯೋ ನಿನ್ನ! ತಕ್ಕಡಿ ಕಂಬಕ್ಕೆ, ವಿಮಾನ ತಕ್ಕಡಿಗೆ! ಮತ್ತೆ ಪಂಖದ ಗಾಳಿಗೆ ಅಡ್ಡ ಬರೋದನ್ನೆಲ್ಲ ತೆಗೆ!"

"ಆಗಲಿ ಗುರುಗಳೇ!"

ಈ ಸಲ ಸರಿಯಾಗಿಯೇ ಕಟ್ಟಿದ. ಪಂಖದ ಹಿಂದೆ ಬಗ್ಗಿ ನೋಡಿದ. ಗಾಳಿಗೆ ಅಡ್ಡ ಏನಿದೆ? ರೆಕ್ಕೆ! ಎರಡನ್ನೂ ಕಿತ್ತು ಮೂಲೆಗಿಟ್ಟ.

"ರೆಕ್ಕೆಯಿಲ್ಲದೆ ನಿನ್ನ ತಲೆ ಹಾರುತ್ತೇನೋ? ಅಳೆದಾಗ ಹೇಗಿರುತ್ತೋ ಹಾರುವಾಗಲೂ ಹಾಗೇ ಇರಬೇಕು! ಒಂದು ದಾರವೂ ಆಚೀಚೆ ಆಗಬಾರದು!"

ಮೌನೇಶಪ್ಪ ತಾನೇ ರೆಕ್ಕೆ ಕೂಡಿಸಿ ತಾನೇ ಅಳೆದ. ವಿಮಾನದ ತೂಕದ ಅರ್ಧಕ್ಕೂ ಮೀರಿದ ಎಳೆತ. "ಅಷ್ಟಿದ್ದರೆ ಸಾಕು, ಹಾರುತ್ತದೆ," ಎಂದ. ತುಂಗಕ್ಕ ಆಗ ಒಂದು ಗುಟುಕು ನೀರು ಕುಡಿದಳು.

ಮರುದಿನ ಶಾಲೆಯವರು ಬಂದರು. ಪಂಖ ಗರ್ಜಿಸಿತು. ವಿಮಾನ ಓಡಿತು, ನೆಗೆಯಿತು, ಗಕ್ಕನೆ ಹಿಂದಕ್ಕೆ ಜಗ್ಗಿ, ಮೂಗು ಮುರಿದುಕೊಂಡು ಬಿತ್ತು! ನೋಡಿದರೆ ಬಾಲಕ್ಕೆ ಉದ್ದನೆಯ ಹಗ್ಗ, ಹಗ್ಗಕ್ಕೆ ತಕ್ಕಡಿ, ತಕ್ಕಡಿ ಕಂಬಕ್ಕೆ!

"ಅಳೆದಾಗ ಹೀಗೇ ಇತ್ತಲ್ಲ ಗುರುಗಳೇ! ಒಂದು ದಾರವನ್ನೂ ಮುಟ್ಟಿಲ್ಲ!"

ಶಾಲೆಯವರು ನಕ್ಕರು. ಮೌನೇಶಪ್ಪನ ಮುಖ ಕೆಂಡವಾಯಿತು.

"ನಾಳೆಯಿಂದ ಈ ಶೆಡ್ಡಿಗೆ ಬರಬೇಡ!"

ಮುಕುಂದ ವಿಮಾನದ ಚೂರುಗಳನ್ನು ಆಯ್ದು ಶೆಡ್ಡಿನೊಳಗೆ ಒಯ್ಯುತ್ತಿದ್ದ. ತುಂಗಕ್ಕ ಮನೆಗೆ ಹೋಗಿ ದೇವರ ಮುಂದೆ ಕುಸಿದಳು. "ಇವನನ್ನು ಇನ್ಯಾರು ಸೇರಿಸುತ್ತಾರೆ, ವಿಠಲಾ?" ದೀಪದ ಎಣ್ಣೆ ತೀರಿತು. ಮಗ ಬರಲೇ ಇಲ್ಲ. ಬೆಳಕು ಹರಿಯುತ್ತಲೇ ಶೆಡ್ಡಿಗೆ ಓಡಿದಳು.

"ಅಪ್ಪಾ, ನನ್ನ ಮಗ ಮನೆಗೇ ಬಂದಿಲ್ಲ! ಏನು ಮಾಡಿಕೊಂಡನೋ!"

ಮೌನೇಶಪ್ಪ ನಿನ್ನೆ ಸಿಟ್ಟಿನಲ್ಲಿ ಒಳಗೆ ನೋಡದೆಯೇ ಬೀಗ ಜಡಿದಿದ್ದ. ಬೀಗ ತೆಗೆದು ಬಾಗಿಲು ನೂಕಿದ. ಒಳಗೆ ಮುಕುಂದ ನೆಲ ಗುಡಿಸುತ್ತಿದ್ದ.

"ಬರಬೇಡ ಅಂದಿದ್ದೆನಲ್ಲೋ!"

"ಬಂದಿಲ್ಲ ಗುರುಗಳೇ, ವಿಠಲನಾಣೆ! ನಿನ್ನೆಯಿಂದ ಹೋಗಲೇ ಇಲ್ಲ!"