ನಕ್ಷತ್ರದ ಮೂಲೆಗಳು

ಬೆಟ್ಟದ ನೆರಳು ಬೀಳುವ ಒಂದು ಪೇಟೆಯಲ್ಲಿ ಮೈಲಾರಪ್ಪನ ರೇಡಿಯಂ ಅಂಗಡಿ ಇತ್ತು. ಗಾಡಿಗಳಿಗೆ ಅಂಟಿಸುವ ಹೆಸರು, ಗಾಜಿನ ಬಾಗಿಲಿಗೆ ಅಂಟಿಸುವ ಹೂಬಳ್ಳಿ ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಮಧ್ಯಾಹ್ನದ ಬಿಸಿಲು ಬೆಳ್ಳಿಬಣ್ಣದ ಅಂಟುಹಾಳೆಯ ಸುರುಳಿಗೆ ತಾಗಿದರೆ ಗೋಡೆಗಳ ಮೇಲೆಲ್ಲ ಬೆಳಕು ಅಲುಗಾಡುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ಆ ಅಂಗಡಿ ಕೆರೆಯ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು.

ಅಂಗಡಿಯಲ್ಲಿ ಅಗಲವಾದ ಮೇಜಿನಂಥ ಒಂದು ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಪ್ರಕಾರ ಅದು ಸಣ್ಣ ಚೂರಿಯೊಂದನ್ನು ಹಾಳೆಯ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಮೇಲಿನ ಅಂಟುಹಾಳೆ ಮಾತ್ರ ಕತ್ತರಿಸಬೇಕು. ಅಡಿಯ ಕಾಗದಕ್ಕೆ ಗಾಯವಾಗಬಾರದು.

ಯಂತ್ರದ ಕೆಲಸ ಮುಗಿದ ಮೇಲೆ ಕೈಯ ಕೆಲಸ. ಅದನ್ನು ನೀಲವ್ವ, ಮಮ್ತಾಜ್ ಎಂಬ ಇಬ್ಬರು ಗೆಳತಿಯರು ಮಾಡುತ್ತಿದ್ದರು. ಒಂದೇ ಮೇಜು, ಎದುರುಬದುರು ಕುರ್ಚಿ. ನೀಲವ್ವ ಸೂಜಿಯ ಮೊನೆಯಿಂದ ಬೇಡದ ಭಾಗವನ್ನು ಎಬ್ಬಿಸಿ, ಕಿತ್ತು, ಹಾಳೆಯನ್ನು ಮೇಜಿನ ಆಚೆಗೆ ತಳ್ಳುವಳು. ಉಳಿದ ಆಕಾರಗಳು ಅಂಟಿಸುವಾಗ ಚದುರದಿರಲೆಂದು ಮಮ್ತಾಜ್ ಅವುಗಳ ಮೇಲೆ ಅಗಲವಾದ ಟೇಪು ಹಾಸಿ ಒತ್ತುವಳು.

“ತಗೋ ನಿನ್ನ ಪಾಲು” ಎನ್ನುವಳು ನೀಲವ್ವ.

“ಬರೀ ಹಾಳೀನ ಕೊಡ್ತಿ. ಒಂದಿನಾನೂ ರೊಟ್ಟಿ ಕೊಡಂಗಿಲ್ಲ” ಎನ್ನುವಳು ಮಮ್ತಾಜ್.

ವರ್ಷಗಟ್ಟಲೆ ಇದೇ ಮಾತು. ಪ್ರತಿ ಸಲವೂ ಇಬ್ಬರಿಗೂ ಹೊಸದಾಗಿ ನಗು.

ಒಂದು ಮಳೆಗಾಲದಲ್ಲಿ ಮಮ್ತಾಜ್ ಜ್ವರದಿಂದ ತೀರಿಕೊಂಡಳು.

ನೀಲವ್ವ ಕೆಲಸಕ್ಕೆ ಮರಳಿದಳು. ಬೇಡದ ಭಾಗ ಕಿತ್ತು, ಮೊದಲಿನಂತೆಯೇ ಹಾಳೆಯನ್ನು ಆಚೆಗೆ ತಳ್ಳಿದಳು. ಆಮೇಲೆ ಎದ್ದು, ಮೇಜನ್ನು ಸುತ್ತಿ ಆಚೆ ಹೋಗಿ, ನಿಂತುಕೊಂಡೇ ಟೇಪು ಹಾಸಿದಳು. ಖಾಲಿ ಕುರ್ಚಿಯಲ್ಲಿ ಕೂರಲಿಲ್ಲ. ಮತ್ತೆ ಸುತ್ತಿ ತನ್ನ ಜಾಗಕ್ಕೆ ಬಂದಳು. ಮುಂದಿನ ಹಾಳೆಗೂ ಹಾಗೆಯೇ. ಮರುದಿನವೂ ಹಾಗೆಯೇ. ನಿದ್ದೆಯಲ್ಲಿ ನಡೆಯುವವರ ಹಾಗೆ, ಸದ್ದಿಲ್ಲದೆ.

ಮೈಲಾರಪ್ಪ ಕೆಟ್ಟವನಲ್ಲ, ಅವಸರದವನು. ಕೆಲವು ದಿನ ಸಹಿಸಿದ. ಆಮೇಲೆ ಗೊಣಗತೊಡಗಿದ.

“ನೀಲವ್ವಾ, ಕುಂತಲ್ಲೇ ಎರಡೂ ಕೆಲಸ ಮಾಡಾಕ ಬರಂಗಿಲ್ಲೇನು? ಗುಡಿ ಸುತ್ತಿದಂಗ ಸುತ್ತತೀಯಲ್ಲ!”

“ಹೂಂ ರೀ ಮಾಲಕರ” ಎನ್ನುವಳು ನೀಲವ್ವ. ಮತ್ತೆ ಸುತ್ತುವಳು.

ಆ ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಒಂದು ಕೋಣೆ ಸಿದ್ಧವಾಗುತ್ತಿತ್ತು. ಅದರ ಚಾವಣಿಗೆ ಗಾಢ ನೀಲಿ ಬಣ್ಣ ಬಳಿಸಿದ್ದರು. ಗ್ರಂಥಾಲಯ ನೋಡಿಕೊಳ್ಳುವ ವಿಮಲಾಬಾಯಿ ಅಂಗಡಿಗೆ ಬಂದು, ಆ ಚಾವಣಿಗೆ ಬೆಳ್ಳಿಯ ನಕ್ಷತ್ರಗಳು ಬೇಕು ಎಂದರು.

“ಹೆಂಗರ ಚೆಲ್ಲಬಾರದ್ರಿ. ಸಪ್ತರ್ಷಿ, ಕೃತ್ತಿಕಾ ಎಲ್ಲಾ ತಮ್ಮ ತಮ್ಮ ಜಾಗಾದಾಗ ಇರಬೇಕು. ಹುಡುಗರು ಅಂಗಾತ ಮಲಕೊಂಡು ಕಥಿ ಕೇಳ್ತಾವ” ಎಂದರು.

ಕೋಣೆ ತೆರೆಯುವ ದಿನ ಹತ್ತಿರದಲ್ಲಿತ್ತು. ಮೈಲಾರಪ್ಪ ಲೆಕ್ಕ ಹಾಕಿದ. ನೀಲವ್ವ ಹೀಗೆ ಸುತ್ತುತ್ತಿದ್ದರೆ ಯಾವ ಕೆಲಸವೂ ಹೊತ್ತಿಗೆ ಮುಗಿಯದು ಎನ್ನಿಸಿತು; ಆದರೆ ಈಗಲೇ ಹೊಸಬಳಿಗೆ ಕಲಿಸಲು ಸಮಯವಿರಲಿಲ್ಲ.

“ಈ ನಕ್ಷತ್ರದ ಕೆಲಸ ಮುಗಿಸಿಬಿಡು. ಆಮ್ಯಾಲೆ ನೀ ಬರೂದು ಬ್ಯಾಡ. ಬ್ಯಾರೇದಾಕೀನ್ನ ಗೊತ್ತು ಮಾಡೇನಿ” ಎಂದ.

ನೀಲವ್ವನ ಕೈಯಲ್ಲಿದ್ದ ಸೂಜಿ ನಿಂತಿತು. ಕೂಲಿ ಬೇರೆ ಕಡೆಯೂ ಸಿಗುತ್ತಿತ್ತು. ಆದರೆ ಮಮ್ತಾಜಳ ಎದುರು ಕೂರಲು ಅವಳಿಗೆ ಉಳಿದಿದ್ದುದು ಆ ಮೇಜೊಂದೇ. ಅವಳು ತಲೆಯಾಡಿಸಿ ಹಾಳೆಯನ್ನು ಆಚೆಗೆ ತಳ್ಳಿದಳು.

ಮರುದಿನ ಮೈಲಾರಪ್ಪ ನಕ್ಷತ್ರ ಕತ್ತರಿಸಲು ಕುಳಿತ. ನಕ್ಷತ್ರವೆಂದರೆ ಮೂಲೆಗಳೇ. ಪ್ರತಿ ಮೂಲೆಯಲ್ಲೂ ಯಂತ್ರ ಒಂದು ಕ್ಷಣ ತಡೆದು, ಚೂರಿಯನ್ನು ತುಸು ಎತ್ತಿ, ತಿರುಗಿಸಿಕೊಂಡು ಮುಂದೆ ಹೋಗುತ್ತಿತ್ತು. ಹೊತ್ತು ಉಳಿಸಬೇಕೆಂದು ಅವನು ಕಂಪ್ಯೂಟರಿನಲ್ಲಿ ಆ ತಡೆಯನ್ನೇ ತೆಗೆದುಹಾಕಿದ. ಯಂತ್ರ ಸರಸರನೆ ಓಡಿತು. ಅಂಗಡಿಯ ಗೋಡೆಗಳ ಮೇಲೆ ಬೆಳಕೂ ಓಡಿತು. ನೋಡಲು ಚೆನ್ನಾಗಿತ್ತು.

ಆದರೆ ಹಾಳೆ ನೀಲವ್ವನ ಕೈಗೆ ಬಂದಾಗ ಒಂದು ನಕ್ಷತ್ರಕ್ಕೂ ನೆಟ್ಟಗೆ ಮೊನೆ ಇರಲಿಲ್ಲ. ಕೆಲವು ಹರಿದಿದ್ದವು. ಕೆಲವು ಮುದುರಿದ್ದವು. ಅವಳು ಹಾಳೆಯನ್ನು ಎತ್ತಿ ತೋರಿಸಿದಳು. ಮೈಲಾರಪ್ಪ ಹಣೆ ಚಚ್ಚಿಕೊಂಡ. ತೆಗೆದದ್ದನ್ನು ಮತ್ತೆ ಹಾಕಿ, ಹೊಸ ಹಾಳೆ ಹಾಸಿ, ಯಂತ್ರ ನಡೆಸಿದ.

ಅದೇ ಹೊತ್ತಿಗೆ ವಿಮಲಾಬಾಯಿ ಬಂದರು. ಯಂತ್ರವನ್ನು ನೋಡುತ್ತ ನಿಂತರು.

“ಏನ್ರಿ ಮೈಲಾರಪ್ಪ, ನಿಮ್ಮ ಯಂತ್ರಕ್ಕ ಮುಪ್ಪು ಬಂತೇನು? ಮೂಲಿಗೊಮ್ಮೆ ನಿಂತು ದಮ್ಮು ತಗೋತದ!”

“ಮುಪ್ಪಲ್ರೀ ಬಾಯಾರ. ಅದು ಹಂಗ ನಿಂದ್ರಬೇಕು. ಚೂರಿಗೆ ತಾನ ತಿರುಗೂ ಶಕ್ತಿ ಇಲ್ಲ. ಅದನ್ನ ಹಿಡಕೊಂಡ ಹಿಡಿಯೊಳಗ ಸಡಿಲ ಇರತೈತಿ. ಆಕಳ ಹಿಂದ ಕರ ಬಂದಂಗ ಹಿಡಿ ಹಿಂದ ಬರತೈತಿ.”

“ಬರಲಿ. ನಿಂದ್ರೂದು ಯಾಕ?”

“ಮೂಲ್ಯಾಗ ಹಿಡಿ ತಿರುಗಿಬಿಡತೈತ್ರಿ. ಆದ್ರ ಚೂರಿ ಇನ್ನೂ ಹಿಂದಿನ ದಾರಿಗೇ ಮುಖ ಮಾಡಿರತೈತಿ. ತಿರುಗಾಕ ಅದಕ್ಕ ಚೂರು ಜಗಾ ಕೊಡಬೇಕು. ಕೊಡದ ಎಳದ್ರ ಹರಿತೈತಿ.”

“ಅಂದ್ರ ತಪ್ಪು ಚೂರೀದಲ್ಲ.”

“ಚೂರೀದು ಏನ್ ತಪ್ಪ್ರಿ? ಅವಸರ ಮಾಡಿದವಂದು ತಪ್ಪು.”

ಹೀಗೆ ಹೇಳಿದವನು ಅಲ್ಲಿಗೇ ನಿಲ್ಲಿಸಿದ. ಹಿಂದಿನಿಂದ ಮೆಲ್ಲನೆಯ ಹೆಜ್ಜೆಯ ಸಪ್ಪಳ ಕೇಳಿಸಿತು. ನೀಲವ್ವ ಮೇಜನ್ನು ಸುತ್ತಿ ಆಚೆ ಹೋಗುತ್ತಿದ್ದಳು. ಖಾಲಿ ಕುರ್ಚಿಯ ಬೆನ್ನನ್ನು ಒಮ್ಮೆ ಮುಟ್ಟಿ, ಪಕ್ಕದಲ್ಲಿ ನಿಂತು, ಟೇಪು ಬಿಚ್ಚಿದಳು. ಗೋಡೆಯ ಮೇಲಿನ ಬೆಳಕು ಅವಳ ಮೇಲೆ ಹಾದುಹೋಯಿತು.

ಮೈಲಾರಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ವಿಮಲಾಬಾಯಿಯ ಕಡೆ ತಿರುಗಿದ.

“ಬಾಯಾರ, ನಾ ಹೇಳಿದ ದಿನಕ್ಕ ಆಗಂಗಿಲ್ರಿ. ಕೋಣಿ ತೆರಿಯೂದು ಸ್ವಲ್ಪ ಮುಂದ ಹಾಕ್ರಿ.”

“ಹಾಕಿದರಾತು. ಆಕಾಶ ಎಲ್ಲಿ ಓಡಿ ಹೋಗ್ತದ?” ಎಂದು ಅವರು ನಕ್ಕು ಹೋದರು.

ಮೈಲಾರಪ್ಪ ಮೇಜಿನ ಬಳಿ ಬಂದ.

“ನೀಲವ್ವಾ, ಬ್ಯಾರೇದಾಕೀಗೆ ಬರಬ್ಯಾಡ ಅಂತ ಹೇಳತೇನಿ. ನೀ ಬಾ.”

ನೀಲವ್ವ ತಲೆ ಎತ್ತಿದಳು. “ನಾ ಸುತ್ತೂದು ಬಿಡಾಕ ಆಗವಲ್ದ್ರಿ ಮಾಲಕರ.”

“ಬಿಡು ಅಂತ ನಾ ಹೇಳಲಿಲ್ಲ. ಎಷ್ಟು ಬೇಕೋ ಅಷ್ಟು ಸುತ್ತು.”

ಅವಳ ಕಣ್ಣು ತುಂಬಿತು. ಹಾಳೆಯ ಮೇಲೆ ಹನಿ ಬೀಳದಂತೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಕೆಲಸ ಬಲ್ಲವಳಲ್ಲವೇ.

ನಕ್ಷತ್ರಗಳು ನಿಧಾನವಾಗಿಯೇ ಸಿದ್ಧವಾದವು. ಒಂದೊಂದರ ಮೊನೆಯೂ ಸೂಜಿಯ ಹಾಗಿತ್ತು. ಅಂಟಿಸುವ ದಿನ ಗ್ರಂಥಾಲಯದ ಕೋಣೆಯ ಕಿಟಕಿಗಳನ್ನು ಮುಚ್ಚಿದರು. ಮೈಲಾರಪ್ಪ ಏಣಿ ಹತ್ತಿದ. ನೀಲವ್ವ ಕೆಳಗೆ ಜಮಖಾನೆಯ ಮೇಲೆ ಅಂಗಾತ ಮಲಗಿದಳು, ಸಾಲು ನೆಟ್ಟಗಿದೆಯೇ ನೋಡಲು. ವಿಮಲಾಬಾಯಿ ಟಾರ್ಚು ಹಿಡಿದರು. ಬೆಳಕು ತಾಗಿದಲ್ಲಿ ಅಂಟಿಸಿದ ಚುಕ್ಕಿಗಳು ಒಂದೊಂದಾಗಿ ಎದ್ದು ಬಂದವು. ಆ ನೀಲಿಯೊಳಗೆ ಗೋಡೆಗಳು ಎಲ್ಲಿ ಮುಗಿದವೋ ತಿಳಿಯದಾಯಿತು.

ಮೈಲಾರಪ್ಪ ಬಾಲವಿರುವ ಗಾಳಿಪಟದಂಥ ಸಪ್ತರ್ಷಿಯ ಹಾಳೆಯನ್ನು ಚಾವಣಿಗೆ ಹಿಡಿದ. ಇನ್ನೂ ಒತ್ತಿರಲಿಲ್ಲ.

“ಬಾಲ ಸೊಟ್ಟ ಹಿಡದೀರಿ ಮಾಲಕರ” ಎಂದಿತು ಕೆಳಗಿನಿಂದ ಒಂದು ದನಿ. “ನಕ್ಷತ್ರ ಕೈಗೆ ಸಿಕ್ಕಾವು ಅಂತ ಹೆಂಗ ಬೇಕಾದ್ರ ಹಂಗ ಎಳೀಬ್ಯಾಡ್ರಿ!”

ಮಳೆಗಾಲದ ನಂತರ ನೀಲವ್ವ ಆಡಿದ ಮೊದಲ ತಮಾಷೆಯ ಮಾತು ಅದು. ಆಡಿದ ಮೇಲೆ ಅವಳೇ ಬೆಚ್ಚಿ ಸುಮ್ಮನಾದಳು. ನೆಟ್ಟಗೆ ಮಾಡುವುದು ಹೇಗೆಂದು ಹೇಳಲಿಲ್ಲ. ಮೇಲಕ್ಕೆ ನೋಡುತ್ತ ಉಳಿದಳು.

ಮೈಲಾರಪ್ಪನ ಕೈ ನೋಯುತ್ತಿತ್ತು. ಏಣಿ ಅಲುಗುತ್ತಿತ್ತು. ಅವನು ಆತುರಪಡಿಸಲಿಲ್ಲ. ಎರಡೂ ಕೈಯಲ್ಲಿ ನಕ್ಷತ್ರಗಳನ್ನು ಎತ್ತಿಹಿಡಿದು, ಅವಳು ಹೇಳುವವರೆಗೆ ಹಾಗೇ ನಿಂತಿದ್ದ.

ನೀತಿ: ಬದುಕು ತಟ್ಟನೆ ತಿರುಗಿದಾಗ ಮನುಷ್ಯನ ಕೈಕಾಲು ಮುಂದೆ ಹೋಗುತ್ತವೆ, ಮನಸ್ಸು ಹಿಂದಿನಿಂದ ಬರುತ್ತದೆ. ಅದು ಸೋಮಾರಿತನವಲ್ಲ. ದುಃಖದಲ್ಲಿರುವವರನ್ನು ಎಳೆಯಬೇಡಿ. ತಿರುಗಿಕೊಳ್ಳಲು ಅವರಿಗೆ ಸ್ವಲ್ಪ ಜಾಗ ಕೊಟ್ಟು, ಜೊತೆಗೆ ನಿಂತಿರಿ.